‘ಇಲ್ಲಿ ಸೀಟ್ ಇದೆ’

"ಮಕ್ಕಳ ಜಗಳ ಅಷ್ಟೇ ಬಿಡಿ. ಇವತ್ತು ಟೂ ಬಿಡ್ತಾರೆ, ನಾಳೆ ಒಂದೇ ಡಬ್ಬಿಯಲ್ಲಿ ತಿಂತಾರೆ. ದೊಡ್ಡವರು ಮಧ್ಯೆ ಹೋಗಬಾರದು." ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಜಗಳದ ಮಟ್ಟಿಗೆ ಇದು ನಿಜವೇ. ಪೆನ್ಸಿಲ್ ಕಿತ್ತುಕೊಂಡ, ಲೈನಿನಲ್ಲಿ ತಳ್ಳಿದ, ಅಡ್ಡಹೆಸರಿಟ್ಟು ಕರೆದ, ಇವೆಲ್ಲ ಊಟದ ಬೆಲ್ ಹೊಡೆಯುವಷ್ಟರಲ್ಲಿ ಮರೆತೇ ಹೋಗಿರುತ್ತವೆ. ಆದರೆ ನಾಲ್ಕು ಜನ ಸೇರಿ ಒಬ್ಬಳನ್ನು ದಿನಾ ಹೊರಗಿಟ್ಟರೆ ಅದಕ್ಕೆ ಜಗಳ ಅಂತ ಹೇಗೆ ಹೇಳೋದು? ಜಗಳ ಆಗೋಕೆ ಎರಡು ಕಡೆ ಬೇಕು. ಇಲ್ಲಿ ಆ ಹುಡುಗಿ ಏನೂ ಮಾಡಿರುವುದಿಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸಿನ ಟೀಚರ್. ನಮ್ಮ ಕ್ಲಾಸಿನಲ್ಲಿ ನಾಲ್ಕು ಹುಡುಗಿಯರ ಒಂದು ಗುಂಪಿತ್ತು. ಊಟದ ಹೊತ್ತಿಗೆ ಬೆಂಚಿನ ಖಾಲಿ ಜಾಗದಲ್ಲಿ ವಾಟರ್ ಬಾಟಲ್ ಇಟ್ಟು "ಇಲ್ಲಿ ಸೀಟ್ ಇದೆ" ಅನ್ನುತ್ತಿದ್ದರು. ಯಾರ ಸೀಟು? ಯಾರದ್ದೂ ಅಲ್ಲ. ಐದನೆಯವಳು ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು. ಕೇಳಿದರೆ, "ಪಿಂಕ್ ಹೇರ್‌ಬ್ಯಾಂಡ್ ಇರೋರು ಮಾತ್ರ ಮಿಸ್, ಅದು ನಮ್ಮ ರೂಲ್." ಮಾರನೇ ದಿನ ಆ ಮಗು ಪಿಂಕ್ ಹೇರ್‌ಬ್ಯಾಂಡ್ ಹಾಕಿಕೊಂಡು ಬಂತು. ಹೊಚ್ಚ ಹೊಸದು, ರೇಟಿನ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಗುಂಪಿನ ಯಜಮಾನಿ ಒಂದು ಸಲ ನೋಡಿ, "ಇವತ್ತು ಹೇರ್‌ಬ್ಯಾಂಡ್ ಇಲ್ಲ, ಬಟರ್‌ಫ್ಲೈ ಕ್ಲಿಪ್" ಅಂದಳು. ಉಳಿದ ಮೂವರು ಸುಮ್ನೆ ತಲೆ ಮುಟ್ಟಿ ನೋಡಿಕೊಂಡರು. ಅವರಲ್ಲೂ ಒಬ್ಬಳಿಗೆ ಕ್ಲಿಪ್ ಇರಲಿಲ್ಲ. ಅವಳಿಗೆ ಆವತ್ತು ಅನ್ನ ಇಳಿಯಲಿಲ್ಲ.

ನನಗೆ ಆ ಯಜಮಾನಿಗಿಂತ ತಲೆ ಮುಟ್ಟಿ ನೋಡಿಕೊಂಡ ಮೂವರದ್ದೇ ಜಾಸ್ತಿ ಚಿಂತೆ. ನಾಳೆ ನನ್ನ ಸರದಿ ಬರಬಹುದು ಅಂತ ಅವರಿಗೆ ಗೊತ್ತು. ಅದಕ್ಕೇ ಇವತ್ತು ಬಾಟಲ್ ಇಡುವ ಕೈ ಅವರದ್ದೇ ಆಗಿರುತ್ತದೆ.

ಹುಡುಗರದ್ದು ಬೇರೆ ದಾರಿ. ಅವರಿಗೆ ಹೇರ್‌ಬ್ಯಾಂಡಿನ ನೆಪ ಬೇಡ, ಬ್ಯಾಟ್ ತಂದವನೇ ದೊರೆ. ಸರಿಯಾಗಿ ಓಡಲಾರದವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಚರಂಡಿ ಪಕ್ಕ ನಿಲ್ಲಿಸಿ ಬಾಲ್ ಎತ್ತಿಸುತ್ತಾರೆ.

"ಹೊಡೆದಿಲ್ಲ, ಬೈದಿಲ್ಲ, ಮತ್ತೇನು ತಪ್ಪು?" ಅಂತ ಕೇಳುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೂ ಹೊಡೆತದ ಸಾಲಿಗೇ ಸೇರಿಸಿದರು. ಗೆಳೆತನ ಬಿಡ್ತೀನಿ ಅಂತ ಹೆದರಿಸೋದು, ಗುಂಪಿನಿಂದ ದೂರ ಇಡೋದು, ಇದೂ ಒಬ್ಬರನ್ನು ನೋಯಿಸುವ ದಾರಿಯೇ ಅನ್ನುವುದು ಅವರ ವಾದ. ಆಮೇಲೆ ಕ್ರಿಕ್ ಮೂರರಿಂದ ಐದು ವರ್ಷದ ಮಕ್ಕಳಲ್ಲೂ ಇದನ್ನೇ ಕಂಡರು. ಎಲ್‌ಕೆಜಿ ಟೀಚರ್‌ಗಳಿಗೆ ಇದೇನು ಹೊಸ ಸುದ್ದಿ ಅಲ್ಲ. "ನಿನ್ನ ನನ್ ಬರ್ತ್‌ಡೇಗೆ ಕರೆಯಲ್ಲ ಹೋಗು" ಅನ್ನುವುದು ಅಲ್ಲಿಂದಲೇ ಶುರು.

ಈ ಬರ್ತ್‌ಡೇ ವಿಷಯಕ್ಕೆ ಬರೋಣ. ಮಕ್ಕಳ ಗುಂಪುಗಳಲ್ಲಿ ಅರ್ಧಕ್ಕರ್ಧ ಕಟ್ಟುವವರು ನಾವೇ. ಒಂದೇ ಅಪಾರ್ಟ್‌ಮೆಂಟಿನವರು, ಒಂದೇ ವ್ಯಾನಿನವರು, ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಇರುವವರು. ಮೂವತ್ತೈದು ಮಕ್ಕಳ ಕ್ಲಾಸಿನಲ್ಲಿ ಹನ್ನೆರಡು ಮಕ್ಕಳಿಗೆ ಮಾತ್ರ ಬಣ್ಣದ ಕಾರ್ಡು, ಅದನ್ನೂ ಕ್ಲಾಸಿನಲ್ಲೇ ಹಂಚಬೇಕು. ಉಳಿದವರು ಎಲ್ಲಿ ನೋಡಬೇಕು? ಎರಡನೇ ಕ್ಲಾಸಿನ ಮಗುವಿಗೆ ಓದೋಕೆ ಬರುತ್ತೆ ಸ್ವಾಮಿ, ಕಾರ್ಡಿನ ಮೇಲೆ ತನ್ನ ಹೆಸರಿಲ್ಲ ಅಂತ ಗೊತ್ತಾಗುತ್ತೆ.

ಇನ್ನೂ ಒಂದು ಗುಂಪಿದೆ, ಅದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಲ್ಲ. ಆರ್‌ಟಿಇ ಮಕ್ಕಳು. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅದು ಬಂದಿದ್ದು 2009ರಲ್ಲಿ. ಖಾಸಗಿ ಶಾಲೆಗಳು ಒಂದನೇ ಕ್ಲಾಸಿನ ಕಾಲುಭಾಗ ಸೀಟನ್ನು ಬಡ, ಹಿಂದುಳಿದ ಮನೆಯ ಮಕ್ಕಳಿಗೆ ಕೊಡಬೇಕು ಅನ್ನುವುದನ್ನು 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಬೆಂಗಳೂರಿನಲ್ಲೇ ಒಂದು ಶಾಲೆಯ ಮೇಲೆ, ಈ ಮಕ್ಕಳ ಕೂದಲು ಕತ್ತರಿಸಿ ಗುರುತು ಮಾಡಿದರು ಅನ್ನುವ ಆರೋಪ ಬಂದು ದೊಡ್ಡ ಗಲಾಟೆ ಆಗಿತ್ತು. ಈಗ ಅಷ್ಟು ಒರಟಾಗಿ ಯಾರೂ ಮಾಡಲ್ಲ. "ಆ ಮಗು ಜೊತೆ ಜಾಸ್ತಿ ಸೇರಬೇಡ, ಇಂಗ್ಲಿಷ್ ಹಾಳಾಗುತ್ತೆ" ಅಂತ ಮನೆಯಲ್ಲಿ ಮೆಲ್ಲಗೆ ಹೇಳುತ್ತಾರೆ. ಮಗು ಕ್ಲಾಸಿಗೆ ಬಂದು ಜೋರಾಗಿ ಹೇಳುತ್ತದೆ. ನಮ್ಮ ರಾಜ್ಯದಲ್ಲಂತೂ 2019ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ ಆಯಿತು. ಹೀಗಾಗಿ ಅಂಥ ಮಕ್ಕಳು ಈಗ ನಮ್ಮ ಕೆಳಗಿನ ತರಗತಿಗಳಲ್ಲಿ ಕಾಣುವುದೇ ಅಪರೂಪ. ನಮ್ಮ ಮಕ್ಕಳಿಗೆ ಇದರಿಂದ ಲಾಭ ಆಯಿತು ಅಂತ ನಾನಂತೂ ನಂಬಲ್ಲ.

ಯಾಕೆ ಅಂದರೆ, ದೆಹಲಿಯಲ್ಲಿ ಇದನ್ನು ಅಳೆದು ನೋಡಿದವರಿದ್ದಾರೆ. ಸರ್ಕಾರಿ ಜಾಗದಲ್ಲಿ ಕಟ್ಟಿದ ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಕೊಡಬೇಕು ಅಂತ ಅಲ್ಲಿ 2007ರಲ್ಲಿ ಜಾರಿಗೆ ಬಂತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಆ ಶಾಲೆಗಳ ಶ್ರೀಮಂತ ಮಕ್ಕಳ ಮೇಲೆ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳ ಜೊತೆ ಓದಿದವರು ಜಾಸ್ತಿ ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿ ಅಂದಾಗ ಬಡವ ಅಂತ ಬಿಡದೆ, ಚೆನ್ನಾಗಿ ಓಡುವವನನ್ನು ಆರಿಸುವುದು ಅವರಲ್ಲೇ ಹೆಚ್ಚಿತ್ತು. ಇಂಗ್ಲಿಷ್ ಮಾರ್ಕ್ಸ್ ಸ್ವಲ್ಪ ಇಳಿದಿತ್ತು, ಅದನ್ನೂ ಅವರು ಮುಚ್ಚಿಟ್ಟಿಲ್ಲ. ಹಿಂದಿ, ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಆ ಅಧ್ಯಯನದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿವರ. ಕೆಲವು ಶಾಲೆಗಳಲ್ಲಿ ಓದಿನ ಗುಂಪುಗಳನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಮಾಡುತ್ತಿದ್ದರು. ಗೆಳೆತನ ನೋಡಿ ಅಲ್ಲ, ಮಾರ್ಕ್ಸ್ ನೋಡಿ ಅಲ್ಲ, ಹಾಜರಿ ಪುಸ್ತಕ ನೋಡಿ. ಹಾಗೆ ಆಕಸ್ಮಿಕವಾಗಿ ಬಡ ಮಗುವಿನ ಜೊತೆ ಗುಂಪಿಗೆ ಬಿದ್ದ ಮಕ್ಕಳು ಬದಲಾದರು. ಬರೀ ಒಂದೇ ಶಾಲೆಯಲ್ಲಿ ಇದ್ದರೆ ಸಾಲದು, ಕೂತು ಕೆಲಸ ಮಾಡಬೇಕು.

ಹಾಗಾಗಿ ನನ್ನ ವಾದ ಇಷ್ಟು. ಯಾರು ಯಾರ ಫ್ರೆಂಡ್ ಆಗಬೇಕು ಅಂತ ನಾವು ಹೇಳೋಕಾಗಲ್ಲ, ಹೇಳಲೂಬಾರದು. ಆದರೆ ಯಾರ ಪಕ್ಕ ಯಾರು ಕೂರಬೇಕು, ಯಾರ ಟೀಮಿನಲ್ಲಿ ಯಾರು ಆಡಬೇಕು ಅನ್ನುವುದನ್ನು ಏಳು ವರ್ಷದ ಮಕ್ಕಳ ಕೈಗೆ ಕೊಡಬಾರದು. ಷಿಕಾಗೋದಲ್ಲಿ ವಿವಿಯನ್ ಪೇಲಿ ಅನ್ನುವ ಶಿಶುವಿಹಾರದ ಟೀಚರ್ ಒಬ್ಬರಿದ್ದರು. ಅವರು ತಮ್ಮ ಕ್ಲಾಸಿನಲ್ಲಿ ‘ನೀನು ಆಟಕ್ಕೆ ಬರಬೇಡ ಅಂತ ಯಾರೂ ಯಾರಿಗೂ ಹೇಳುವಂತಿಲ್ಲ’ ಅಂತಲೇ ನಿಯಮ ಮಾಡಿದರು. ಮೊದಲು ದೊಡ್ಡ ತರಗತಿಯ ಮಕ್ಕಳನ್ನು ಕೇಳಿದ್ದರಂತೆ. ನ್ಯಾಯ ಏನೋ ಸರಿ, ಆದರೆ ನಡೆಯಲ್ಲ ಅಂದವರೇ ಹೆಚ್ಚು. ಚಿಕ್ಕ ಮಕ್ಕಳು ಮಾತ್ರ ಕೊಸರಾಡುತ್ತಲೇ ಒಗ್ಗಿಕೊಂಡರು.

ನಾನು ಅಷ್ಟು ದೂರ ಹೋಗಿಲ್ಲ. ನಮ್ಮ ಕ್ಲಾಸಿನಲ್ಲಿ ಸೋಮವಾರ ಚೀಟಿ ಎತ್ತಿ ಜಾಗ ಬದಲಾಯಿಸುತ್ತೇವೆ, ಊಟಕ್ಕೂ ಅದೇ ಜಾಗ. ಬಾಟಲ್ ಕೆಳಗೆ, ಕಾಲ ಹತ್ತಿರ. ಪಿಟಿ ಸರ್‌ಗೆ ಹೇಳಿ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿ ನಿಲ್ಲಿಸಿದ್ದೇವೆ. ಒಂದು, ಎರಡು, ಒಂದು, ಎರಡು ಅಂತ ಎಣಿಸಿದರೆ ಎರಡು ಟೀಮು ರೆಡಿ. ಬರ್ತ್‌ಡೇ ಕಾರ್ಡು ಎಲ್ಲರಿಗೂ ಇದ್ದರೆ ಕ್ಲಾಸಿನಲ್ಲಿ ಕೊಡಿ, ಇಲ್ಲಾಂದ್ರೆ ಅಮ್ಮಂದಿರ ಫೋನಿಗೆ ಕಳಿಸಿ.

ಎಲ್ಲಾ ಸರಿಹೋಯಿತು ಅಂತೇನಿಲ್ಲ. ಚೀಟಿ ಬದಲಾಯಿಸಿಕೊಳ್ಳುವ ಒಳವ್ಯಾಪಾರ ನಡೆಯುತ್ತೆ, ನಡುನಡುವೆ ಹಿಡಿಯುತ್ತೇನೆ. ಪ್ರತಿ ಪೇರೆಂಟ್ಸ್ ಮೀಟಿಂಗಿನಲ್ಲೂ ಯಾರಾದರೂ ಒಬ್ಬರು, "ಮಿಸ್, ನಮ್ಮವಳನ್ನ ಅವಳ ಫ್ರೆಂಡ್ ಪಕ್ಕಾನೇ ಕೂರಿಸಿ, ಇಲ್ಲಾಂದ್ರೆ ಶಾಲೆಗೇ ಬರಲ್ಲ ಅಂತಾಳೆ" ಅನ್ನುತ್ತಾರೆ. ಈ ಶನಿವಾರ ಮತ್ತೆ ಮೀಟಿಂಗ್ ಇದೆ. ಕೇಳುವವರಿಗೆ ಈಗಲೇ ಹೇಳಿಬಿಡ್ತೀನಿ, ಆಗಲ್ಲ.