ದೆವ್ವದ ತನಿಖೆಗೆ ಒಂದು ರಸಮಟ್ಟ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಎಸ್ಟೆಸ್ ಪಾರ್ಕ್ ಅನ್ನುವ ಬೆಟ್ಟದೂರಿದೆ. ಅಲ್ಲಿನ ಸ್ಟ್ಯಾನ್ಲಿ ಹೋಟೆಲನ್ನು 1909ರಲ್ಲಿ ಕಟ್ಟಿಸಿದ ಫ್ರೀಲನ್ ಆಸ್ಕರ್ ಸ್ಟ್ಯಾನ್ಲಿ, ಉಗಿಯಿಂದ ಓಡುವ ಕಾರು ಮಾಡಿ ಹೆಸರಾದ ಅವಳಿ ಸೋದರರಲ್ಲಿ ಒಬ್ಬ. ಕ್ಷಯ ಹಿಡಿದು ಒಣಗಾಳಿ ಹುಡುಕಿಕೊಂಡು 1903ರಲ್ಲಿ ಈ ಊರಿಗೆ ಬಂದವನು ಎಷ್ಟು ಚೇತರಿಸಿಕೊಂಡನೆಂದರೆ, 1940ರಲ್ಲಿ ತೊಂಬತ್ತು ದಾಟಿದ ಮೇಲೆಯೇ ತೀರಿಕೊಂಡ. ಕ್ಷಯದವರನ್ನೂ ಬದುಕಿಸಿ ಕಳಿಸುವ ಜಾಗದಲ್ಲಿ ಸತ್ತವರ ಓಡಾಟ ಜಾಸ್ತಿ ಅನ್ನುವುದೇ ಒಂದು ತಮಾಷೆ. ಫ್ರೀಲನ್ ಬಿಲಿಯರ್ಡ್ಸ್ ಕೋಣೆಯಲ್ಲಿ ಕಾಣುತ್ತಾನಂತೆ, ಹೆಂಡತಿ ಫ್ಲೋರಾ ರಾತ್ರಿ ಪಿಯಾನೊ ನುಡಿಸುತ್ತಾಳಂತೆ, ನಾಲ್ಕನೇ ಮಹಡಿಯಲ್ಲಿ ಮಕ್ಕಳು ನಗುತ್ತವಂತೆ. ಇನ್ನು 217ನೇ ರೂಮಿನ ದೆವ್ವ ಅತಿಥಿಗಳ ಬಟ್ಟೆ ಮಡಿಚಿಡುತ್ತದೆ. ಮದುವೆಯಾಗದ ಜೋಡಿ ಮಲಗಿದ್ದರೆ ನಡುವೆ ತಣ್ಣಗೆ ಬಂದು ಮಲಗುತ್ತದೆ. ಇಂಥ ಶಿಸ್ತಿನ ದೆವ್ವವನ್ನು ಓಡಿಸಬೇಕೆಂದು ಯಾವ ಹೋಟೆಲಿಗೆ ತಾನೇ ಅನ್ನಿಸೀತು?

ಓಡಿಸುವ ಮಾತು ಬಿಡಿ, ತನಿಖೆ ಮಾಡುವುದಿದ್ದರೆ ರಾತ್ರಿ ಹೊರಡಬಾರದು. ಬೆಳಿಗ್ಗೆ ಹೊರಡಬೇಕು, ಅದೂ ಹಳೇ ಪತ್ರಿಕೆಗಳ ಕಡೆಗೆ. 1911ರ ಜೂನ್ 25ರಂದು ಬಿರುಗಾಳಿ ಮಳೆಗೆ ಕರೆಂಟು ಹೋಯಿತು. ಕರೆಂಟು ಕೈಕೊಟ್ಟರೆ ಇರಲಿ ಎಂದು ಹಾಕಿಸಿದ್ದ ಅಸಿಟಿಲೀನ್ ಗ್ಯಾಸ್ ದೀಪದ ಪೈಪು ಎಲ್ಲೋ ಸೋರುತ್ತಿತ್ತು. ಈಗ 217 ಎನ್ನುವ ಕೋಣೆಗೆ ಕೆಲಸದ ಹೆಂಗಸು ಕೈಯಲ್ಲಿ ಬೆಂಕಿ ಹಿಡಿದುಕೊಂಡು ಹೋದಳು. ಕೋಣೆಯ ನೆಲ ಹಾರಿ ಅವಳು ಕೆಳಗಿನ ಅಂತಸ್ತಿಗೆ ಬಿದ್ದಳು. ಕಾಲಿನ ಕೀಲು ಮುರಿಯಿತು, ಆದರೆ ಸಾಯಲಿಲ್ಲ. ಅಂದರೆ ಆ ರೂಮಿನ ದೆವ್ವದ ಕಥೆಗೆ ಮೂಲವಾದ ಘಟನೆಯಲ್ಲಿ ಹೆಣವೇ ಇಲ್ಲ. 401ರ ಕಥೆ ಇನ್ನೂ ಚೆಂದ. ಅಲ್ಲಿ ಕಾಣುವವನು ಲಾರ್ಡ್ ಡನ್‌ರೇವನ್ ಅನ್ನುತ್ತಾರೆ. ಆ ಐರಿಷ್ ಜಮೀನ್ದಾರ ಈ ಕಣಿವೆಯ ಜಾಗವನ್ನೆಲ್ಲ ಬಾಚಿಕೊಂಡಿದ್ದು ನಿಜ, ಆದರೆ ಹೋಟೆಲಿಗೆ ಪಾಯ ತೋಡುವ ಎಷ್ಟೋ ವರ್ಷ ಮೊದಲೇ ಊರು ಬಿಟ್ಟಿದ್ದ. ಬದುಕಿದ್ದಾಗ ಕಾಲಿಡದ ಹೋಟೆಲಿನಲ್ಲಿ ಸತ್ತ ಮೇಲೆ ಬಾಡಿಗೆ ಕೊಡದೆ ಉಳಿದುಕೊಂಡಿದ್ದಾನೆ ಎಂದಾಯಿತು. ಇಷ್ಟು ತಿಳಿಯಲು ಖರ್ಚು ಅರ್ಧ ದಿನ, ಬ್ಯಾಟರಿ ಬೇಡ.

ಮಧ್ಯಾಹ್ನದ ಕೆಲಸ ಕಟ್ಟಡ ನೋಡುವುದು. ಬೇಕಾದ ಸಾಮಾನು: ಗಾರೆ ಕೆಲಸದವರ ರಸಮಟ್ಟ ಒಂದು, ಅಳತೆ ಟೇಪು, ಎರಡು ಗೋಲಿ, ಒಂದಿಷ್ಟು ಟಿಶ್ಯೂ ಪೇಪರು, ಪೆನ್ಸಿಲ್, ಮಹಡಿಯ ನಕ್ಷೆ. ‘ಬಾಗಿಲು ತಾನಾಗಿ ತೆರೆಯಿತು’ ಎಂಬ ದೂರು ಬಂದರೆ ರಸಮಟ್ಟವನ್ನು ಚೌಕಟ್ಟಿಗೆ ನೇರವಾಗಿ ಹಿಡಿಯಿರಿ. ನೂರು ವರ್ಷ ದಾಟಿದ ಮರದ ಕಟ್ಟಡದಲ್ಲಿ ಗುಳ್ಳೆ ನಡುವೆ ನಿಂತರೆ ಅದೇ ಪವಾಡ. ಚೌಕಟ್ಟು ವಾಲಿದ್ದರೆ, ಚಿಲಕ ಸರಿಯಾಗಿ ಕೂರದಿದ್ದರೆ, ಕಾರಿಡಾರಿನ ಆ ತುದಿಯಲ್ಲಿ ಯಾರೋ ಬಾಗಿಲು ಎಳೆದಾಗ ಈ ತುದಿಯ ಬಾಗಿಲು ಗಾಳಿಯ ಒತ್ತಡಕ್ಕೆ ತೆರೆಯುತ್ತದೆ. ಇನ್ನೊಬ್ಬರನ್ನು ಆ ತುದಿಗೆ ಕಳಿಸಿ ಹತ್ತು ಸಲ ಎಳೆಸಿ, ಹಾಕಿಸಿ ನೋಡಬೇಕು. ಎಳೆಯಲು ಹೋದವರು ಅಲ್ಲೇ ಯಾರ ಜೊತೆಗೋ ಮಾತಿಗೆ ನಿಲ್ಲುವುದು ಈ ಹಂತದ ಮುಖ್ಯ ತಾಂತ್ರಿಕ ದೋಷ.

ಗಾಳಿ ಎಲ್ಲಿಂದ ನುಸುಳುತ್ತದೆ ಎಂದು ನೋಡಲು ಮೈಸೂರಿನ ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಹೋಟೆಲ್ ರೂಮಿನಲ್ಲಿ ಹಚ್ಚಬೇಡಿ. ಸೂರಿನಲ್ಲಿ ಹೊಗೆ ಪತ್ತೆ ಯಂತ್ರ ಇರುತ್ತದೆ. ದೆವ್ವಕ್ಕಿಂತ ಮೊದಲು ಅಗ್ನಿಶಾಮಕ ದಳ ಬರುತ್ತದೆ, ಅದರ ಹಿಂದೆಯೇ ಬಿಲ್ಲು ಬರುತ್ತದೆ. ಬೆರಳಗಲದ ಟಿಶ್ಯೂ ಪಟ್ಟಿ ಹರಿದು ಕಿಟಕಿ, ಗೋಡೆಯ ಸ್ವಿಚ್ ಬೋರ್ಡು, ಬಾಗಿಲ ಕೆಳಗಿನ ಸಂದಿ, ಕಪಾಟಿನ ಒಳಗೆ ಹಿಡಿದರೆ ಸಾಕು. ಈ ಹೋಟೆಲು ಮೊದಲ ಹಲವು ದಶಕ ಬೇಸಿಗೆಗೆ ಮಾತ್ರ ತೆರೆಯುತ್ತಿತ್ತು, ಚಳಿಗಾಲಕ್ಕೆ ಬೆಚ್ಚಗಿಡುವ ವ್ಯವಸ್ಥೆ ಇರಲಿಲ್ಲ. ಅಂಥ ಕಟ್ಟಡಕ್ಕೆ ಆಮೇಲೆ ಬಿಸಿ ಕೊಟ್ಟರೆ, ಹಗಲು ಹಿಗ್ಗಿದ ಮರ ರಾತ್ರಿ ಕುಗ್ಗುವಾಗ ಒಂದೊಂದು ಹಲಗೆಯೂ ಸರದಿಯ ಮೇಲೆ ಟಕ್ ಟಕ್ ಅನ್ನುತ್ತದೆ. ಸರದಿಯ ಮೇಲೆ ಅನ್ನುತ್ತದಾದ್ದರಿಂದ ಯಾರೋ ನಡೆದುಹೋದಂತೆ ಕೇಳಿಸುತ್ತದೆ.

ಇನ್ನು ಸಂಜೆ. ಚೀಲದಿಂದ ಕೆ-2 ಮೀಟರ್ ಹೊರಬರುತ್ತದೆ, ಅದರ ಜೊತೆಗೇ ಅನಾಹುತಗಳೂ. ಐದು ಪುಟ್ಟ ದೀಪಗಳಿರುವ ಈ ಪೆಟ್ಟಿಗೆ ಕಾಂತಕ್ಷೇತ್ರ ತೋರಿಸುತ್ತದೆ: ಮೊದಲ ಹಸಿರು ದೀಪ ಬರೀ ಆನ್ ಆಗಿದೆ ಎನ್ನುವುದಕ್ಕೆ, ಕೊನೆಯ ಕೆಂಪು 20 ಮಿಲಿಗಾಸ್ (ಕಾಂತಕ್ಷೇತ್ರದ ಅಳತೆ) ದಾಟಿದರೆ. ಕರೆಂಟಿನ ಉಪಕರಣ ನೋಡಲು ಮಾಡಿದ್ದನ್ನು ದೆವ್ವಕ್ಕೆ ಹಿಡಿದರೆ ಅದು ಕರೆಂಟನ್ನೇ ತೋರಿಸುತ್ತದೆ, ಪಾಪ. ಹಳೆಯ ವೈರಿಂಗ್‌ನಲ್ಲಿ ಹೋಗುವ ತಂತಿಯೂ ಬರುವ ತಂತಿಯೂ ದೂರ ದೂರ ಇದ್ದು, ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುವುದಿಲ್ಲ. ಗೋಡೆಯ ಹತ್ತಿರ ಹೋದರೆ ಸಾಕು, ದೀಪ ಹೊತ್ತುತ್ತದೆ. ಎಲ್ಲಕ್ಕಿಂತ ದೊಡ್ಡ ಪಿಶಾಚಿ ತನಿಖೆದಾರನ ಜೇಬಿನ ಮೊಬೈಲು. ಸೈಲೆಂಟ್‌ಗೆ ಹಾಕಿದರೆ ನಾವು ಸುಮ್ಮನಾಗುತ್ತೇವೆಯೇ ಹೊರತು ಅದು ಟವರಿನ ಜೊತೆ ಮಾತು ನಿಲ್ಲಿಸುವುದಿಲ್ಲ. ‘ನೀವು ಇಲ್ಲಿದ್ದರೆ ದೀಪ ಹೊತ್ತಿಸಿ’ ಎಂದು ಗದ್ಗದ ಕಂಠದಲ್ಲಿ ಕೇಳಿದಾಗ ಕೆಂಪು ದೀಪ ಹೊತ್ತಿ, ಆಮೇಲೆ ಫೋನು ನೋಡಿದರೆ ಸಾಲ ಬೇಕೇ ಎಂದು ಬ್ಯಾಂಕಿನ ಮೆಸೇಜು. ಏರೋಪ್ಲೇನ್ ಮೋಡ್ ಹಾಕಿ, ಮೀಟರನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲಿಡಿ. ಅದು ಒಂದು ದಿಕ್ಕಿನ ಕ್ಷೇತ್ರವನ್ನಷ್ಟೇ ಅಳೆಯುವುದರಿಂದ ಮಣಿಕಟ್ಟು ತಿರುಗಿದರೂ ಅಂಕಿ ಬದಲಾಗುತ್ತದೆ.

ಕೆಂಪು ಚುಕ್ಕಿ ಬಿಡುವ ಪಿಸ್ತೂಲಿನಂಥ ಥರ್ಮಾಮೀಟರಿನದೂ ಇದೇ ಪಾಡು. ಅದು ಗಾಳಿಯ ಉಷ್ಣತೆಯನ್ನು ಅಳೆಯುವುದೇ ಇಲ್ಲ, ಎದುರಿಗಿರುವ ವಸ್ತುವಿನ ಮೈಯನ್ನು ಅಳೆಯುತ್ತದೆ. ಹನ್ನೆರಡಕ್ಕೆ ಒಂದು ಎಂಬ ಅನುಪಾತದ ಉಪಕರಣವಾದರೆ ಹನ್ನೆರಡು ಅಡಿ ದೂರದಲ್ಲಿ ಒಂದಡಿ ಅಗಲದ ಜಾಗದ ಸರಾಸರಿ ಕೊಡುತ್ತದೆ. ಕೋಣೆಯ ನಡುವೆ ಹಿಡಿದು ‘ಇಲ್ಲಿ ನಾಲ್ಕು ಡಿಗ್ರಿ ಕಡಿಮೆ’ ಎಂದು ಕೂಗಿದವರು ಅಳೆದದ್ದು ಹಿಂದಿನ ಕಿಟಕಿಯ ಗಾಜನ್ನು. ಹಿತ್ತಾಳೆ ಹಿಡಿಕೆಗೆ ಹಿಡಿದರೆ ಅದರಲ್ಲಿ ಪ್ರತಿಫಲಿಸುವ ನಿಮ್ಮ ಮೈಯ ಶಾಖವೂ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ಗಾಳಿಯ ಲೆಕ್ಕ ಬೇಕಿದ್ದರೆ ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುವ ಡೇಟಾ ಲಾಗರ್ ಮೂರು ಬೇಕು: ದೂರು ಬಂದ ಕಡೆ ಒಂದು, ಕಾರಿಡಾರಿನಲ್ಲಿ ಒಂದು, ಯಾರೂ ಏನೂ ದೂರು ಹೇಳದ ರೂಮಿನಲ್ಲಿ ಒಂದು. ಆ ಮೂರನೆಯದಕ್ಕೆ ದುಡ್ಡು ಕೊಡಲು ತಂಡದಲ್ಲಿ ಒಬ್ಬರೂ ಒಪ್ಪುವುದಿಲ್ಲ, ಆದರೆ ಅದಿಲ್ಲದೆ ಉಳಿದ ಎರಡರ ಅಂಕಿಗೆ ಅರ್ಥವೇ ಇಲ್ಲ.

ಧ್ವನಿಯ ವಿಷಯಕ್ಕೆ ಬಂದರೆ, ರಾತ್ರಿಯೆಲ್ಲ ರೆಕಾರ್ಡ್ ಮಾಡಿದ ದೆವ್ವದ ಧ್ವನಿಗಳಲ್ಲಿ ದೊಡ್ಡ ಪಾಲು ತಂಡದ ಹೊಟ್ಟೆಗಳದು. ರೆಕಾರ್ಡರಿನಲ್ಲಿ ಸದ್ದಿಲ್ಲದಾಗ ಧ್ವನಿಮಟ್ಟವನ್ನು ತಾನಾಗಿ ಏರಿಸುವ ಸೌಲಭ್ಯವಿರುತ್ತದೆ. ಅದನ್ನು ಆಫ್ ಮಾಡಿ ಇಡದಿದ್ದರೆ ನಡುರಾತ್ರಿಯ ನಿಶ್ಶಬ್ದದಲ್ಲಿ ಪಿಜ್ಜಾ ಜೀರ್ಣವಾಗುವ ಸದ್ದು ನರಕದ ಗೊಣಗಾಟವಾಗಿ ಹೊರಬರುತ್ತದೆ. ಕೈಯಲ್ಲಿ ಹಿಡಿಯಬಾರದು, ಬೆರಳು ಉಜ್ಜಿದ್ದು ಪಿಸುಮಾತಿನಂತಿರುತ್ತದೆ. ನಾಲ್ಕು ಮಡಿಕೆ ಟವೆಲಿನ ಮೇಲಿಡಿ. ತಂಡದವರು ಪಿಸುಗುಡಲೇಬಾರದು, ಮಾತಾಡಿದರೆ ಬಾಯಿ ಬಿಟ್ಟು ಮಾತಾಡಬೇಕು. ಯಾರೇ ಕೆಮ್ಮಲಿ, ಕುರ್ಚಿ ಕಿರುಗುಟ್ಟಲಿ, ‘ಅದು ನಾನು’ ಎಂದು ತಕ್ಷಣ ಜೋರಾಗಿ ಒಪ್ಪಿಕೊಳ್ಳಬೇಕು. ಕೆಲವು ಸದ್ದುಗಳನ್ನು ಒಪ್ಪಿಕೊಳ್ಳಲು ಜನ ಹಿಂಜರಿಯುತ್ತಾರೆ, ಅವೇ ಮರುದಿನ ಸಾಕ್ಷ್ಯವಾಗುತ್ತವೆ. ಕೇಳಿಸುವಾಗಲೂ ‘ಇಲ್ಲಿ ಹೊರಗೆ ಹೋಗು ಅಂತ ಕೇಳುತ್ತೆ ನೋಡಿ’ ಎಂದು ಮೊದಲೇ ಹೇಳಿದರೆ ಎಲ್ಲರಿಗೂ ಅದೇ ಕೇಳುತ್ತದೆ. ಬೇರೆ ಬೇರೆ ಕೂರಿಸಿ, ಚೀಟಿಯಲ್ಲಿ ಬರೆಸಿ.

ಎಸ್ಟೆಸ್ ಪಾರ್ಕಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ತನಿಖೆಗೆ ಇನ್ನೊಂದು ಗಂಡಾಂತರ ಎಲ್ಕ್. ನಮ್ಮ ಕಡವೆಗಿಂತ ದೊಡ್ಡ ಈ ಜಿಂಕೆ ಬೆದೆಯ ಕಾಲದಲ್ಲಿ ಊರೊಳಗೇ ಬಂದು ಕೂಗುತ್ತದೆ. ಆಳುದ್ದದ ದೇಹದಿಂದ ಅಂಥ ಕೀರಲು ಚೀತ್ಕಾರ ಬರುತ್ತದೆಂದು ಮೊದಲ ಸಲ ಕೇಳಿದವರು ನಂಬುವುದಿಲ್ಲ, ಕೊಲೆಯಾಯಿತೆಂದೇ ತಿಳಿಯುತ್ತಾರೆ. ಒಂದು ರೆಕಾರ್ಡರನ್ನು ಕಿಟಕಿಯ ಹೊರಮುಖಕ್ಕೆ ಇಟ್ಟಿದ್ದರೆ ಬೆಳಿಗ್ಗೆ ಮರ್ಯಾದೆ ಉಳಿಯುತ್ತದೆ.

ತಲೆ ತಿರುಗಿಸಿ ಹೊತ್ತಿಸುವ ಟಾರ್ಚಿನ ಪ್ರಯೋಗವಂತೂ ಎಲ್ಲ ತಂಡಗಳಿಗೂ ಅಚ್ಚುಮೆಚ್ಚು. ಹೊತ್ತೀತೋ ಆರೀತೋ ಅನ್ನುವಷ್ಟು ಸಡಿಲ ಮಾಡಿ ನೆಲದ ಮೇಲಿಟ್ಟು ಪ್ರಶ್ನೆ ಕೇಳುತ್ತಾರೆ. ಬಲ್ಬು ಉರಿದಾಗ ಬಿಡಿಭಾಗಗಳು ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ಆರಿದ ಮೇಲೆ ತಣ್ಣಗಾಗಿ ಕುಗ್ಗಿ ಮತ್ತೆ ಕೂಡುತ್ತದೆ. ಈ ದೆವ್ವಕ್ಕೆ ಲೋಕದ ಎಲ್ಲ ವಿಷಯವೂ ಗೊತ್ತು. ತೊಗರಿಬೇಳೆಯ ದರ ಇಳಿಯುತ್ತದೆಯೇ ಎಂದು ಕೇಳಿದರೂ ಹೌದು ಅನ್ನುತ್ತದೆ.

ಫೋಟೊದಲ್ಲಿ ತೇಲುವ ಬೆಳಕಿನ ಗುಂಡುಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಫ್ಲಾಶು ಲೆನ್ಸಿನ ಪಕ್ಕದಲ್ಲೇ ಇದ್ದರೆ ಮುಂದಿನ ಧೂಳು ಹೊಳೆಯುತ್ತದೆ. ಹಾಸಿಗೆ ಒಮ್ಮೆ ಕೊಡವಿ ತೆಗೆದರೆ ಇಡೀ ವಂಶವೇ ಬರುತ್ತದೆ.

ಗಂಭೀರವಾಗಿ ನೋಡಬೇಕಾದ್ದು ತನಿಖೆದಾರರ ಮೈಯನ್ನೇ. ಊರು ಇರುವುದು ಸುಮಾರು 2,290 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 350 ಮೀಟರಿಗೂ ಹೆಚ್ಚು ಮೇಲೆ. ಕೆಳಗಿನಿಂದ ಅದೇ ದಿನ ಬಂದವರಿಗೆ ತಲೆನೋವು, ಒಣಗಂಟಲು, ಒಡೆದೊಡೆದು ಬರುವ ನಿದ್ದೆ. ಅರೆನಿದ್ದೆಯಲ್ಲಿ ಎಚ್ಚರವಾಗಿ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕೂತಂತೆ ಆಗುವ ನಿದ್ರಾ ಸ್ತಂಭನಕ್ಕೆ ಇಷ್ಟು ಸಾಕು. ಅದಕ್ಕೇ ಮೊದಲ ರಾತ್ರಿ ತನಿಖೆ ಬೇಡ, ನೀರು ಕುಡಿದು ಮಲಗಿ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆ ಮಾಡುವ ಅಲಾರಾಂ ಒಂದನ್ನು ತಪ್ಪದೆ ಒಯ್ಯಿರಿ. ಹಳೇ ಮನೆಯೊಂದರಲ್ಲಿ ಹೆಜ್ಜೆ ಸಪ್ಪಳ, ಆಕೃತಿಗಳು, ತಲೆನೋವಿನಿಂದ ಒದ್ದಾಡಿದ ಕುಟುಂಬದ ವೃತ್ತಾಂತವನ್ನು ಅಮೆರಿಕದ ನೇತ್ರವೈದ್ಯರ ನಿಯತಕಾಲಿಕವೊಂದು 1921ರಲ್ಲಿ ಪ್ರಕಟಿಸಿತ್ತು. ಕಾರಣ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ಬಂದ ಹೊಗೆ. ಇಡೀ ಚೀಲದಲ್ಲಿ ಜೀವ ಉಳಿಸುವ ಉಪಕರಣ ಇದೊಂದೇ. ಇದು ಕೂಗಿದರೆ ‘ಯಾರಿದ್ದೀರಿ’ ಎಂದು ಕೇಳುತ್ತಾ ಕೂರದೆ ಹೊರಗೆ ಓಡಬೇಕು.

ಇಂಗ್ಲೆಂಡಿನ ಹಳೇ ದೆವ್ವ ಬೇಟೆಗಾರ ಹ್ಯಾರಿ ಪ್ರೈಸ್ ಒಯ್ಯುತ್ತಿದ್ದ ಸಾಮಾನು ಈಗಿನದಕ್ಕಿಂತ ಬುದ್ಧಿವಂತಿಕೆಯದು ಅನ್ನಬಹುದು. ಸದ್ದಾಗದಂತೆ ಕಾಲಿಗೆ ಉಣ್ಣೆಯ ಮೇಲ್ಜೋಡು, ಬಾಗಿಲಿಗೆ ಮುದ್ರೆ ಒತ್ತಲು ಸೀಸ, ಅಳತೆ ಟೇಪು, ಕೋಣೆ ನಡುಗಿದರೆ ತಿಳಿಯಲು ಒಂದು ಬಟ್ಟಲು ಪಾದರಸ. ಕೊನೆಗೆ ಯಾರಾದರೂ ಮೂರ್ಛೆ ಹೋದರೆ ಇರಲಿ ಎಂದು ಬ್ರಾಂದಿ. ಇವತ್ತಿನ ತಂಡಗಳು ಇದರಲ್ಲಿ ಪಾದರಸ ಬಿಟ್ಟು ಬ್ರಾಂದಿ ಉಳಿಸಿಕೊಂಡಿವೆ. ತಪ್ಪೇನಿಲ್ಲ. ಆದರೆ ವರದಿಯಲ್ಲಿ ಗಂಟೆ, ಉಷ್ಣತೆ, ಮಿಲಿಗಾಸ್ ಬರೆದ ಸಾಲಿನ ಪಕ್ಕದಲ್ಲಿ ಯಾರು ಎಷ್ಟು ಮಿಲಿಲೀಟರ್ ಎಂದೂ ಬರೆಯಬೇಕು.