ಟೊಮೆಟೊಗೂ ಮಡಿ

ಇಟಲಿಯ ಟ್ಯೂರಿನ್‌ಗೆ ಹೋದ ಮೂರನೇ ದಿನವೇ ಬೈಸಿಕೊಂಡೆ. ಅದೂ ಟೊಮೆಟೊ ಮುಟ್ಟಿದ್ದಕ್ಕೆ.

ಮಗಳು ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನೂ ನಮ್ಮೆಜಮಾನರೂ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಅವಳ ಜೊತೆ ಇದ್ದು ಬಂದೆವು. ಅವತ್ತು ಸಾರಿಗೆ ಅಂತ ಸೂಪರ್‌ಮಾರ್ಕೆಟ್‌ನಲ್ಲಿ ಟೊಮೆಟೊ ಆರಿಸುತ್ತಿದ್ದೆ. ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಮಾಡುವ ಹಾಗೇ ಒಂದೊಂದೇ ಎತ್ತಿ, ಹೆಬ್ಬೆಟ್ಟಿನಲ್ಲಿ ಸ್ವಲ್ಪ ಒತ್ತಿ. ಪಕ್ಕದಲ್ಲಿದ್ದ ಒಬ್ಬರು ಅಜ್ಜಿ "ಸಿನ್ಯೋರಾ!" (ಅಮ್ಮಾವ್ರೇ!) ಅಂದರು. ಆಮೇಲೆ ಒಂದೇ ಉಸಿರಿಗೆ ಏನೇನೋ. ನನಗೆ ಅರ್ಥವಾಗಿದ್ದು ದನಿ ಮಾತ್ರ. ಅಲ್ಲೇ ನೇತುಹಾಕಿದ್ದ ತೆಳು ಪ್ಲಾಸ್ಟಿಕ್ ಗ್ಲೌಸ್ ಒಂದನ್ನು ಕಿತ್ತು ತಂದು, ಮಗುವಿಗೆ ಹಾಕುವ ಹಾಗೆ ನನ್ನ ಕೈಗೆ ಹಾಕಿದರು. ಅದುವರೆಗೆ ನಾನು ಮುಟ್ಟಿದ್ದ ಟೊಮೆಟೊಗಳನ್ನೆಲ್ಲ ತಮ್ಮ ಗ್ಲೌಸಿನ ಕೈಯಲ್ಲಿ ಹೆಕ್ಕಿ ನನ್ನ ಚೀಲಕ್ಕೇ ತುಂಬಿದರು. ಮುಟ್ಟಿದ ಮೇಲೆ ನಿನ್ನದೇ, ತೊಗೊಂಡು ಹೋಗು ಅನ್ನುವ ಹಾಗೆ. ಅದು ಸಾಲದು ಅಂತ, ತಕ್ಕಡಿಯಲ್ಲಿಟ್ಟು ನಂಬರ್ ಒತ್ತಿ ಚೀಟಿ ಅಂಟಿಸಿಕೊಂಡು ಬರಬೇಕಿತ್ತಂತೆ. ಬಿಲ್ ಹಾಕುವ ಹುಡುಗಿ ವಾಪಸ್ ಕಳಿಸಿದಳು. ನನ್ನ ಹಿಂದೆ ಆರು ಜನ.

ಮನೆ ದಾರಿಯಲ್ಲಿ ನಗು ತಡೆಯಲಾಗಲಿಲ್ಲ. ಆ ದನಿ ನನಗೆ ಚೆನ್ನಾಗಿ ಗೊತ್ತು. ಕೋಲಿನಲ್ಲಿ ಒಣಹಾಕಿದ್ದ ಮಡಿಬಟ್ಟೆಗೆ ನಮ್ಮ ಕೈ ತಾಗಿದಾಗ ನಮ್ಮಜ್ಜಿ ಕೂಗುತ್ತಿದ್ದ ದನಿ ಅದು.

ಇಟಲಿಗೆ ಹೊರಟಿದ್ದೇವೆ ಅಂದಾಗ ಸಿಕ್ಕವರೆಲ್ಲ ಜೇಬುಗಳ್ಳರ ಬಗ್ಗೆ ಹೇಳಿದರು. ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಕೂಡ ಒಬ್ಬರು ಕೊಟ್ಟರು. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಅವರು ಮಡಿವಂತರು ಅಂತ ಒಬ್ಬರೂ ಹೇಳಲಿಲ್ಲ. ಹೋಗಿ ಬಂದ ಎಷ್ಟೋ ಜನ "ಒರಟು ಜನ ಕಣ್ರೀ" ಅನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ನಾವು ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ನುಗ್ಗಿರುತ್ತೇವೆ, ಅವರು ಗದರಿರುತ್ತಾರೆ. ಅಷ್ಟೇ.

ಕಾಫಿ ವಿಷಯವನ್ನೇ ನೋಡಿ. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ನಮ್ಮೆಜಮಾನರು ಬೋರ್ಡ್ ಓದಿ ಬೆಳಿಗ್ಗೆ ಎಂಟಕ್ಕೇ ಮುಖ ಕಿವುಚಿದ್ದರು. ಒಳಗೆ ಹೋದರೆ ಥೇಟ್ ನಮ್ಮ ದರ್ಶಿನಿ. ರೈಲ್ವೆ ಸ್ಟೇಷನ್‌ನಂಥ ಕಡೆ ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತೊಗೊಳ್ಳಬೇಕು. ಸ್ಕೊಂತ್ರೀನೊ ಅಂತಾರೆ. ಅದನ್ನು ಕಾಫಿ ಮಾಡುವವರ ಮುಂದಿಟ್ಟರೆ ಕಾಫಿ. ಕಟ್ಟೆಗೆ ಆತುಕೊಂಡು ನಿಂತು ಎರಡು ಗುಟುಕು, ಒಂದು ಲೋಟ ನೀರು, ಹೊರಟೆ. ಒಳಗೆ ಕಾಲಿಟ್ಟಾಗ "ಬುವೊನ್ ಜೋರ್ನೊ" ಅಂತ ನಮಸ್ಕಾರ ಹೇಳಲೇಬೇಕು. ಅನ್ನದೆ "ಒನ್ ಕಾಫಿ" ಅಂದರೆ ಮುಖ ಬಿಗಿಯಾಗುತ್ತದೆ. ನಮಸ್ಕಾರ ಹೇಳಿದಿರೋ, ಎರಡನೇ ದಿನಕ್ಕೇ ಗುರುತು ಹಿಡಿದು ನಗುತ್ತಾರೆ.

ಅದೇ ಕಾಫಿಯನ್ನು ಮೇಜಿಗೆ ತರಿಸಿಕೊಂಡರೆ ರೇಟು ಬೇರೆ. ನಿಂತವರಿಗೆ ಒಂದು, ಕೂತವರಿಗೆ ಒಂದು. ವೆನಿಸ್‌ನ ಸಾನ್ ಮಾರ್ಕೊ ಚೌಕದ ಹಳೇ ಕಾಫಿ ಅಂಗಡಿಗಳಲ್ಲಿ ಹೊರಗೆ ಕೂತರೆ ವಾದ್ಯದವರ ಲೆಕ್ಕವೂ ಬಿಲ್ಲಿಗೆ ಬೀಳುತ್ತದೆ. ಮೋಸ ಹೋದೆ ಅಂತ ಬಿಲ್ಲಿನ ಫೋಟೋ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ನಮ್ಮ ಉಡುಪಿ ಹೋಟೆಲಿನಲ್ಲಿ ಎ.ಸಿ. ರೂಮಿಗೆ ಬೇರೆ ರೇಟು ಇರಲ್ವಾ? ಹಾಗೆಯೇ ಕೊಪೆರ್ತೊ. ಊಟಕ್ಕೆ ಕೂತರೆ ತಲೆಗೆ ಎರಡೋ ಮೂರೋ ಯೂರೋ ಬೇರೆ ಹಾಕುತ್ತಾರೆ, ಮೇಜಿನ ಬಟ್ಟೆ, ಬ್ರೆಡ್ಡು ಇವುಗಳ ಲೆಕ್ಕ. ಎಲೆ ಹಾಕಿದ್ದಕ್ಕೂ ದುಡ್ಡಾ ಅಂತ ಇವರು ಗೊಣಗಿದರು. ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಾದರು.

ಹಾಲು ಹಾಕಿದ ಕಪುಚಿನೊ ಬೆಳಗಿನ ತಿಂಡಿಗೆ ಮಾತ್ರ. ಊಟವಾದ ಮೇಲೆ ಕೇಳಿದರೆ ಕೊಡಲ್ಲ ಅಂತಲ್ಲ. ಆದರೆ ಆ ನೋಟ! ಹೊಟ್ಟೆ ತುಂಬ ಉಂಡು ಮೇಲೆ ಬಿಸಿಹಾಲು ಸುರಿದರೆ ಅರಗುತ್ತಾ ಅನ್ನುವುದು ಅವರ ಚಿಂತೆ. ಅರಗುವುದು ಅಲ್ಲಿ ದೊಡ್ಡ ವಿಷಯ. ಉಂಡ ಮೇಲೆ ಎರಡು ಮೂರು ಗಂಟೆ ಮಕ್ಕಳನ್ನು ಸಮುದ್ರಕ್ಕೆ ಇಳಿಸುವುದಿಲ್ಲ. ಒದ್ದೆ ತಲೆಯಲ್ಲಿ ಹೊರಗೆ ಬಿಡುವುದಿಲ್ಲ. ಗಾಳಿ ಹೊಡೆದು ಕುತ್ತಿಗೆ ಹಿಡಿದುಕೊಂಡರೆ ಅದಕ್ಕೊಂದು ಹೆಸರೇ ಇದೆ, ಕೊಲ್ಪೊ ದಾರಿಯಾ. ಮೀನಿನ ಪಾಸ್ತಾದ ಮೇಲೆ ಚೀಸ್ ಉದುರಿಸಬಾರದು. ಸ್ಪಗೆಟ್ಟಿ ಮುರಿದು ಪಾತ್ರೆಗೆ ಹಾಕಬಾರದು. ಬ್ರೆಡ್ಡನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡಬಾರದು. ಬೇರೆಯವರು ಯಾಕೆ ಅಂತ ಕೇಳಲಿ. ರಾತ್ರಿ ಉಗುರು ಕತ್ತರಿಸಬೇಡ, ಹೊಸಿಲ ಮೇಲೆ ಕೂರಬೇಡ ಅಂತ ಹೇಳಿಸಿಕೊಂಡೇ ಬೆಳೆದ ನಾವು ಕೇಳಲೇಬಾರದು.

ನನ್ನ ಮಗಳಿಗೂ ಇದು ಹತ್ತಿಬಿಟ್ಟಿದೆ. ಟ್ಯೂರಿನ್‌ನಲ್ಲಿ ಮೋಲೆ ಅಂತ ಒಂದು ಎತ್ತರದ ಗೋಪುರದ ಕಟ್ಟಡ ಇದೆ, 167 ಮೀಟರ್ ದಾಟುತ್ತದೆ. 1863ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಅಂತ ಶುರುವಾಗಿದ್ದು, ಈಗ ಒಳಗೆ ಸಿನಿಮಾ ಮ್ಯೂಸಿಯಂ. ಇಟಲಿಯ ಎರಡು ಸೆಂಟ್ ನಾಣ್ಯದ ಮೇಲಿರುವುದೂ ಅದೇ. ಗಾಜಿನ ಲಿಫ್ಟ್‌ನಲ್ಲಿ ಮೇಲೆ ಹೋದರೆ ಆಲ್ಪ್ಸ್ ಕಾಣುತ್ತದೆ. ಬಾರೇ ಅಂದರೆ ಕೆಳಗೇ ನಿಂತಳು. ಡಿಗ್ರಿ ಮುಗಿಯುವ ಮೊದಲು ಹತ್ತಿದರೆ ಡಿಗ್ರಿ ಮುಗಿಯೋದೇ ಇಲ್ವಂತೆ. ಮೆಷಿನ್ ಲರ್ನಿಂಗ್ ಓದುವ ಹುಡುಗಿ!

ಸಸ್ಯಾಹಾರಿಗಳ ಕಥೆ ಸ್ವಲ್ಪ ಉದ್ದ. "ಮಾಂಸ ಬೇಡ" ಅಂದರೆ ಸಾಲದು. ಒಂದು ಕಡೆ ಹಾಗೆ ಹೇಳಿದ್ದಕ್ಕೆ ಹಂದಿಯ ತೆಳು ಪದರ ಹೊದಿಸಿದ ತಟ್ಟೆ ಬಂತು. ಅದು ಪ್ರೊಶುಟ್ಟೊ, ಮಾಂಸ ಅಲ್ಲ ಅಂತ ಸಮಜಾಯಿಷಿ ಬೇರೆ. ಟ್ಯೂರಿನ್‌ನವರ ಹೆಮ್ಮೆಯ ಬಾನ್ಯಾ ಕಾವುದಾ, ಹಸಿ ತರಕಾರಿ ಅದ್ದಿಕೊಂಡು ತಿನ್ನುವ ಬೆಳ್ಳುಳ್ಳಿ ಗೊಜ್ಜು. ನೋಡಲು ನಮ್ಮದೇ. ಒಳಗೆ ಆಂಚೊವಿ ಮೀನು ಕರಗಿರುತ್ತದೆ. ಪಾರ್ಮಿಜಾನೊ ಚೀಸ್‌ನಲ್ಲಿ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಇದನ್ನು ತಿಳಿದ ಮೇಲೆ ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟಿದ್ದು. ನಾನು ಬಿಟ್ಟೆ, ಇವರು "ನೀನು ಹೇಳಲೇ ಇಲ್ಲ ಅಂದುಕೊಳ್ತೀನಿ" ಅಂದರು. ಇನ್ನೊಂದು ಕಡೆ, ಮಾರಿನಾರಾ ಪಿಜ್ಜಾ ಅಂದಾಗ ಹೆಸರಲ್ಲಿ ಸಮುದ್ರ ಇದೆ, ಮೀನು ಇರುತ್ತೆ ಅಂತ ಇವರು ಮುಟ್ಟಲೇ ಇಲ್ಲ. ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಚೀಸ್ ಕೂಡ ಇಲ್ಲ. ನಮ್ಮನ್ನು ನಿಜವಾಗಿ ಕಾಪಾಡಿದ್ದು ಫಾರಿನಾತಾ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು. ದೊಡ್ಡ ತಾಮ್ರದ ತಟ್ಟೆಯಲ್ಲಿ ಸುರಿದು ಒಲೆಗೆ ತಳ್ಳುತ್ತಾರೆ. ಅಂಚು ಗರಿ ಗರಿ, ನಡು ಮೆತ್ತಗೆ. ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದು ಚಟ್ನಿಪುಡಿ ಜೊತೆ ತಿಂದೆವು. ಅಂಗಡಿಯಲ್ಲೇ ಪುಡಿ ಉದುರಿಸುವ ಧೈರ್ಯ ನನಗಿರಲಿಲ್ಲ.

ಬಚ್ಚಲುಮನೆ ಬಗ್ಗೆ ಹೇಳಲೇಬೇಕು. ಯೂರೋಪಿಗೆ ಹೋಗುವಾಗ ಚೊಂಬು ಇಟ್ಟುಕೊಳ್ಳೋದಾ ಬೇಡವಾ ಅನ್ನುವುದು ನಮ್ಮವರು ಯಾರೂ ಬಾಯಿಬಿಟ್ಟು ಹೇಳದ ದೊಡ್ಡ ಸಮಸ್ಯೆ. ಇಟಲಿಯಲ್ಲಿ ಬೇಡ. ಕಮೋಡ್ ಪಕ್ಕದಲ್ಲೇ ತೊಳೆದುಕೊಳ್ಳಲು ಬಿಡೆ ಅನ್ನುವ ನಲ್ಲಿಯ ಪುಟ್ಟ ತೊಟ್ಟಿ ಇರುತ್ತದೆ. ಮನೆ ಅಂದ ಮೇಲೆ ಒಂದಾದರೂ ಬಚ್ಚಲಲ್ಲಿ ಅದು ಇರಲೇಬೇಕು ಅಂತ 1975ರ ಸರ್ಕಾರಿ ಆದೇಶವೇ ಇದೆ. ಬಿಡೆ ಇಲ್ಲದ ದೇಶದವರ ಬಗ್ಗೆ ಅವರಿಗೆ ಏನು ಅಭಿಪ್ರಾಯವೋ, ನಮಗೂ ಅದೇ.

ಆಗಸ್ಟ್‌ನಲ್ಲಿ ಹೋಗುವವರಿಗೆ ಒಂದು ಮಾತು. 15ನೇ ತಾರೀಕು ಫೆರಾಗೊಸ್ತೊ ಹಬ್ಬ, ಅಗಸ್ಟಸ್ ಚಕ್ರವರ್ತಿಯ ಕಾಲದಿಂದ ಬಂದ ರಜೆ. ಅದರ ಹಿಂದೆ ಮುಂದೆ ಊರೇ ಸಮುದ್ರಕ್ಕೆ ಹೋಗಿರುತ್ತದೆ. ಟ್ಯೂರಿನ್ ಫಿಯಟ್ ಕಾರಿನ ಊರು. ಹಿಂದೆ ಆಗಸ್ಟ್‌ನಲ್ಲಿ ಕಾರ್ಖಾನೆ ಮುಚ್ಚಿದರೆ ಊರಿಗೆ ಊರೇ ಖಾಲಿಯಾಗುತ್ತಿತ್ತಂತೆ, ಆ ರೂಢಿ ಪೂರ್ತಿ ಹೋಗಿಲ್ಲ. ನಮ್ಮ ಬೀದಿಯ ಬ್ರೆಡ್ ಅಂಗಡಿ, ಕ್ಷೌರದಂಗಡಿ, ಬಟ್ಟೆ ಒಗೆಯುವವರು, ಎಲ್ಲರ ಶಟರ್ ಮೇಲೂ ಕೈಬರಹದ ಚೀಟಿ: ರಜೆಗೆ ಮುಚ್ಚಿದೆ. ಬಸ್ ಟಿಕೆಟ್ ಸಿಗುವುದು ಟಿ ಅಕ್ಷರದ ಬೋರ್ಡ್ ಇರುವ ತಂಬಾಕಿನ ಅಂಗಡಿಯಲ್ಲಿ, ಅದೂ ಬಂದ್. ಹುಡುಕಿಕೊಂಡು ಅರ್ಧ ಗಂಟೆ ಬಿಸಿಲಲ್ಲಿ ನಡೆದೆವು. ಸಿಕ್ಕ ಟಿಕೆಟ್ಟನ್ನು ಬಸ್ಸಿನ ಮೆಷಿನ್‌ಗೆ ತೋರಿಸದೆ ಕೂತು ದಂಡವನ್ನೂ ತೆತ್ತೆವು. ತಪ್ಪು ನಮ್ಮದೇ. ಪುಣ್ಯಕ್ಕೆ ಬೀದಿ ಬೀದಿಯಲ್ಲೂ ಹಸಿರು ಬಣ್ಣದ ನಲ್ಲಿಗಳಿವೆ, ಹೋರಿ ಮುಖದವು, ತೊರೆತ್ ಅಂತಾರೆ. ತಣ್ಣನೆ ನೀರು, ಬಿಟ್ಟಿ.

ಈ ಮಡಿಯೆಲ್ಲ ಮುದ್ದಾಗಿದೆ ಅಂತ ನಾನು ಹೇಳುತ್ತಿಲ್ಲ. ಮಡಿ ಇದ್ದ ಕಡೆ ಮೈಲಿಗೆ ಅಂತ ಯಾರನ್ನಾದರೂ ಆಚೆ ನಿಲ್ಲಿಸಿರುತ್ತಾರೆ, ಅದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟಸ್ಕನಿಯ ಲುಕ್ಕಾದಲ್ಲಿ ಹಳೇ ಪೇಟೆಯೊಳಗೆ ಹೊರದೇಶದ ಅಡುಗೆಯ ಹೊಸ ಹೋಟೆಲು ಬೇಡ ಅಂತ 2009ರಲ್ಲಿ ನಗರಾಡಳಿತವೇ ನಿಯಮ ಮಾಡಿತು. ಕಬಾಬ್ ಅಂಗಡಿಯವರ ಮೇಲೆ ಕಣ್ಣು ಅಂತ ಆಗಲೇ ಜನ ಆಡಿಕೊಂಡರು. ಅತ್ತ ಪಾರ್ಮಿಜಾನೊ ಸೀಮೆಯ ಎಷ್ಟೋ ಕೊಟ್ಟಿಗೆಗಳಲ್ಲಿ ಹಸು ನೋಡಿಕೊಳ್ಳುತ್ತಿರುವವರು ಪಂಜಾಬಿನಿಂದ ಹೋದವರು. ನೊವೆಲ್ಲಾರಾ ಅನ್ನುವ ಊರಲ್ಲಿ 2000ದಲ್ಲೇ ಅವರ ದೊಡ್ಡ ಗುರುದ್ವಾರ ಆಯಿತು. ಇನ್ನು ಟೊಮೆಟೊ. ನಮ್ಮಜ್ಜಿ ತಿಥಿ ಅಡುಗೆಗೆ ಟೊಮೆಟೊ, ಮೆಣಸಿನಕಾಯಿ ಹಾಕುತ್ತಿರಲಿಲ್ಲ, ಪರದೇಶದ್ದು ಅಂತ. ಅದೇ ಅಮೆರಿಕದ ಟೊಮೆಟೊಗೆ ಇಟಲಿಯವರು ಮಡಿ ಉಡಿಸಿ ಕೂರಿಸಿದ್ದಾರೆ. ನಮ್ಮಜ್ಜಿಯೂ ಸೂಪರ್‌ಮಾರ್ಕೆಟ್‌ನ ಆ ಅಜ್ಜಿಯೂ ಎದುರಾಬದುರು ಕೂತಿದ್ದರೆ ಯಾರು ಗೆಲ್ಲುತ್ತಿದ್ದರೋ.

ಮಗಳ ಕೆಳಗಿನ ಮನೆಯಲ್ಲೂ ಒಬ್ಬರು ಸಿನ್ಯೋರಾ ಇದ್ದಾರೆ. ಒಂದು ದಿನ ಅಂಜೂರ ಕೊಡಲು ಬಂದವರು, ಇವರು ಮಂಚದ ಮೇಲೆ ಬಿಸಾಕಿದ್ದ ಟೋಪಿ ನೋಡಿ ಕಿರುಚಿಕೊಂಡರು. ಓಡಿ ಬಂದು ತೆಗೆದು ಗೂಟಕ್ಕೆ ಹಾಕಿದರು. ಹಾಸಿಗೆ ಮೇಲೆ ಟೋಪಿ ಅಂದರೆ ಸಾವಿನ ಮನೆಗೆ ಬಂದ ಪಾದ್ರಿಯದೋ ಡಾಕ್ಟರದೋ ಅಂತ. ಇವರು ಆವತ್ತಿನಿಂದ ಟೋಪಿ ತಲೆಯಿಂದ ತೆಗೆಯುವುದನ್ನೇ ಬಿಟ್ಟರು.

ಊರಿಗೆ ಹೊರಡುವ ದಿನ ಸಿನ್ಯೋರಾ ಬೀಳ್ಕೊಡಲು ಮೇಲೆ ಬಂದಿದ್ದರು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಇವರು ಸೂಟ್‌ಕೇಸ್ ಎತ್ತಿದರು, ಸೀನಿದರು. ಒಂಟಿ ಸೀನು. ನಾನು ಬ್ಯಾಗ್ ಕೆಳಗಿಟ್ಟು, "ಕೂತ್ಕೊಳ್ರೀ, ನೀರು ತರ್ತೀನಿ" ಅಂದೆ.

"ಅಮ್ಮಾ, ಫ್ಲೈಟ್ ಹೋಗುತ್ತೆ" ಅಂತ ಮಗಳು ತಲೆ ಚಚ್ಚಿಕೊಂಡಳು. ಏನಾಯಿತು ಅಂತ ಸಿನ್ಯೋರಾ ಅವಳನ್ನು ಕೇಳಿದರು. ಅವಳು ನಾಚಿಕೊಂಡೇ ಹೇಳಿದಳು. ಅವರು ನಗಲಿಲ್ಲ. ಕಿಟಕಿ ತೆಗೆದು ಟ್ಯಾಕ್ಸಿಯವನಿಗೆ ಕಾಯಿ ಅಂತ ಜೋರಾಗಿ ಕೂಗಿದರು. ಆಮೇಲೆ ಇನ್ನೊಂದು ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕೂತರು.