ಹಾಸನ–ಚಿಕ್ಕಮಗಳೂರು: ವಿಮಾನದಲ್ಲಿ ನಾಲ್ಕೇ ನಿಮಿಷ!

ಹಾಸನದಿಂದ ಚಿಕ್ಕಮಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಫೋನಿನಲ್ಲಿ ದೂರ ಲೆಕ್ಕ ಹಾಕುವವರನ್ನು ಕೇಳಿ, ಥಟ್ಟನೆ ಹೇಳುತ್ತಾರೆ. ನೆಟ್ಟಗೆ ಗೆರೆ ಎಳೆದರೆ ಸುಮಾರು 50 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗ ಅಂದುಕೊಂಡರೆ ನಾಲ್ಕು ನಿಮಿಷವೂ ಬೇಡ. ಲೆಕ್ಕ ಪಕ್ಕಾ. ವಿಮಾನ ಒಂದು ಇಲ್ಲ, ಅಷ್ಟೇ.

ಹಾಗಂತ ಏನೂ ಆಗಿಲ್ಲ ಅನ್ನಬೇಡಿ. ಹಾಸನದ ಬೂವನಹಳ್ಳಿಯಲ್ಲಿ 2007ರಲ್ಲೇ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. 2021ರಲ್ಲಿ ಕೆಲಸ ಮತ್ತೆ ಶುರುವಾಯಿತು. ಅಡಿಗಲ್ಲಿನ ವರ್ಷ ಹುಟ್ಟಿದ ಕೂಸಿಗೆ ಈಗ ವೋಟು ಹಾಕುವ ವಯಸ್ಸು. ಅಷ್ಟರಲ್ಲಿ ಶಿವಮೊಗ್ಗದವರು 2023ರಲ್ಲಿ ಸೋಗಾನೆಯಿಂದ ಹಾರಿಯೇಬಿಟ್ಟರು. ಚಿಕ್ಕಮಗಳೂರಿನಲ್ಲೂ ಏರ್‌ಸ್ಟ್ರಿಪ್ ಮಾತು ಇದೆ. ಮಾತು ಅಂದರೆ ಮಾತೇ.

ಇರಲಿ, ವಿಮಾನ ಬಂತು ಅಂದುಕೊಳ್ಳೋಣ. ದೊಡ್ಡ ಜೆಟ್ಟು 35,000 ಅಡಿ ಎತ್ತರದಿಂದ ನಿಧಾನವಾಗಿ ಇಳಿಯಬೇಕಾದರೆ ಸುಮಾರು 200 ಕಿ.ಮೀ. ಮೊದಲೇ ಶುರು ಮಾಡಬೇಕು. ಚಿಕ್ಕಮಗಳೂರಿನಿಂದ ಅಳೆದರೆ ಅದು ಹೆಚ್ಚುಕಡಿಮೆ ಬೆಂಗಳೂರಿನ ಆಕಾಶ. ಅಂದರೆ ನಮ್ಮ ಪೈಲಟ್ ಹಾಸನದಲ್ಲಿ ಹತ್ತುವ ಮೊದಲೇ ಬೆಂಗಳೂರಿನ ಮೇಲೆ ಇಳಿಯಲು ಶುರು ಮಾಡಿರಬೇಕು! ಬೆಲ್ಟು ಹಾಕಿಕೊಳ್ಳಿ ಅನ್ನುವುದಕ್ಕೂ ಬೆಲ್ಟು ಬಿಚ್ಚಿ ಅನ್ನುವುದಕ್ಕೂ ನಡುವೆ ಗಗನಸಖಿಗೆ ಉಸಿರಾಡಲು ಪುರುಸೊತ್ತಿಲ್ಲ. ಕಾಫಿಯಂತೂ ಕೇಳಲೇಬೇಡಿ. ಕಾಫಿ ಸೀಮೆಗೇ ಹೋಗುತ್ತಿದ್ದೀರಲ್ಲ, ಇಳಿದು ಕುಡಿಯಿರಿ.

ಈಗಲೇ ಹಾರಿಕೊಂಡೇ ಹೋಗುತ್ತೇನೆ ಅನ್ನುವ ಹಟವಿದ್ದರೆ ಅದಕ್ಕೂ ದಾರಿ ಇದೆ. ಬೆಳಗಿನ ಜಾವ ಕಾರು ಹತ್ತಿ ದೇವನಹಳ್ಳಿಗೆ ಹೋಗಿ. ಸೆಕ್ಯುರಿಟಿಯಲ್ಲಿ ಬೆಲ್ಟು, ವಾಚು ಬಿಚ್ಚಿ. ಅಲ್ಲಿಂದ ಒಂದು ಗಂಟೆಯಲ್ಲಿ ಮಂಗಳೂರಿನ ಬಜ್ಪೆ. ಆಮೇಲೆ ಮತ್ತೆ ಕಾರು. ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ ದಾಟಿದರೆ ಚಿಕ್ಕಮಗಳೂರು. ಮಳೆಗಾಲವಾದರೆ, ಘಾಟಿಯಲ್ಲಿ ಗುಡ್ಡ ಜರಿಯದಿದ್ದರೆ, ಕತ್ತಲಾಗುವ ಹೊತ್ತಿಗೆ ಮುಟ್ಟಬಹುದು. ರೈಲಿನವರದೂ ಅದೇ ಕಥೆ, ಅರಸೀಕೆರೆ, ಕಡೂರು ಸುತ್ತಿ ಬರಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಸುಮ್ನೆ ಬೇಲೂರು ಬಸ್ಸು ಹತ್ತುತ್ತಾರೆ. ಅರವತ್ತು ಚಿಲ್ಲರೆ ಕಿ.ಮೀ. ದಾರಿ. ಬೇಲೂರು ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಟೀ ಕುಡಿದು ಬರುವ ಹೊತ್ತಿಗೆ ನಮ್ಮ ವಿಮಾನ ಎರಡು ಸಲ ಹೋಗಿ ಬಂದಿರುತ್ತದೆ. ಕಾಗದದ ಮೇಲೆ.

ಆದರೂ ನನಗೆ ಒಂದು ಚಿಂತೆ. ವಿಮಾನ ನಿಜವಾಗಲೂ ಬಂದ ದಿನ ಬೇಲೂರಿನವರು ಸುಮ್ಮನಿರುತ್ತಾರಾ? ‘ನಮ್ಮೂರಲ್ಲೂ ಸ್ಟಾಪ್ ಕೊಡಿ’ ಅಂತ ತಾಲ್ಲೂಕು ಕಚೇರಿಗೆ ಮನವಿ ಹೋಗುತ್ತದೆ. ಬೇಲೂರಿಗೆ ಕೊಟ್ಟ ಮೇಲೆ ಹಗರೆಯವರನ್ನು ಬಿಡುವ ಹಾಗಿಲ್ಲ, ಹಳೇಬೀಡಿಗೆ ಹೋಗುವವರು ಅಲ್ಲೇ ತಾನೇ ಇಳಿಯಬೇಕು? ತಲಾ ಎರಡು ನಿಮಿಷ ನಿಲ್ಲಿಸಿದರೂ ಎಂಟು ನಿಮಿಷಕ್ಕೆ ಚಿಕ್ಕಮಗಳೂರು. ಲೆಕ್ಕ ಸರಿಯಾಗಿದೆ, ಅಲ್ವಾ?